ಅಗೇವಿನ ಬಾಯಲ್ಲಿ ಕೂತು

ನೆಲದೊಳಗಿಂದ ಮನುಷ್ಯರ ದನಿ ಬರುವುದನ್ನು ನಾನು ಮೊದಲು ಕೇಳಿದ್ದು ಕಿಕ್ಕೇರಿಗೆ ಬಂದ ಹೊಸತರಲ್ಲಿ, ಮಟಮಟ ಮಧ್ಯಾಹ್ನ. ಊರ ಹಿಂದಿನ ಕಣದ ದಾರಿಯಲ್ಲಿ ಒಬ್ಬನೇ ನಡೆದು ಬರುತ್ತಿದ್ದೆ. ಸುತ್ತ ಒಂದು ನರಪಿಳ್ಳೆ ಇಲ್ಲ. ಕಾಲಡಿಯಲ್ಲಿ ಮಾತ್ರ ಯಾರೋ ಮಾತಾಡುತ್ತಿದ್ದರು. ಅದು ಪೂರಾ ಮಾತೂ ಅಲ್ಲ, ಹಾಡೂ ಅಲ್ಲ. ಜಗಳಕ್ಕೆ ನಿಂತವರ ವೇಗವಿತ್ತು, ಆದರೆ ತಾಳ ತಪ್ಪುತ್ತಿರಲಿಲ್ಲ. ನಡುನಡುವೆ ಬೆಕ್ಕಿನ ಬಾಲ ತುಳಿದಂಥ ಕಿರುಚಲು. ಪರೇಲಿನ ನಮ್ಮ ಚಾಳಿನಲ್ಲಿ ನೆಲ ಅದುರಿದರೆ ಲೋಕಲ್ ಟ್ರೈನು ಹೋಯಿತೆಂದು ತಿಳಿದು ಸುಮ್ಮನಾಗುತ್ತಿದ್ದೆವು. ಕಿಕ್ಕೇರಿಗೆ ರೈಲಿಲ್ಲ.

ನಾಲ್ಕು ಹೆಜ್ಜೆ ಮುಂದೆ, ಹುಣಸೆಮರದ ನೆರಳಿನಲ್ಲಿ, ಒಬ್ಬ ಮುದುಕಿ ನೆಲದಲ್ಲಿದ್ದ ಒಂದು ತೂತಿನ ಪಕ್ಕ ಹಗ್ಗ ಹಿಡಿದು ಕೂತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ದನಿ ನಿಂತಿತು. ಅವಳು ಹಗ್ಗ ಎಳೆದಳು. ಮೊದಲು ಉರಿಯುತ್ತಿದ್ದ ಒಂದು ಲಾಟೀನು ಮೇಲೆ ಬಂತು, ಆಮೇಲೆ ಹಾಡಿನ ಪ್ಲೇಟು ಹಾಕುವ ಹಳೆಯ ಚಾವಿ ಪೆಟ್ಟಿಗೆ, ಆಮೇಲೆ ಒಬ್ಬರ ಹಿಂದೊಬ್ಬರು ಮೂವರು ಹುಡುಗರು. ಮೂವರ ಮೈಗೂ ರಾಗಿ ಧೂಳು. ಮೂವರೂ ತೊಟ್ಟಿದ್ದದ್ದು ಅವರಪ್ಪಂದಿರ ಕಾಲದ ಬೆಲ್‌ಬಾಟಂ ಪ್ಯಾಂಟು. ಸೊಂಟದಲ್ಲಿ ಸಡಿಲ, ತೊಡೆಯಲ್ಲಿ ಬಿಗಿ, ಹೊಲಿಗೆ ಅಲ್ಲಲ್ಲಿ ಬಿಟ್ಟಿತ್ತು. ಹೆದರಿ ಬೆವರುತ್ತಿದ್ದವನ ಕಣ್ಣಿಗೆ ಮೊದಲು ಬಿದ್ದದ್ದು ಹೊಲಿಗೆ. ಟೈಲರ್ ಹುಟ್ಟೇ ಹಾಗೆ.

ನಾನು ಪರೇಲಿನ ಟೈಲರ್. ಇದನ್ನು ಓದುತ್ತಿರುವ ಚಾಳಿನವರೇ, ನಿಮ್ಮಲ್ಲಿ ಕೆಲವರ ಮದುವೆಯ ಕೋಟು ನನ್ನ ಕೈಯದೇ. ಅಪ್ಪನ ಮಿಲ್ಲು ಮುಚ್ಚಿತು. ಆಮೇಲೆ ಕೋಮುಗಲಾಟೆಯ ಆ ಚಳಿಗಾಲ ಬಂತು. ನಮ್ಮ ಗಲ್ಲಿಯಲ್ಲಿ ಏನೇನು ಆಯಿತೆಂದು ನಿಮಗೇ ಗೊತ್ತು. ಅಂಗಡಿಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತು ನನಗೆ ಸಾಕಾಗಿಹೋಗಿತ್ತು. ದೊಡ್ಡಪ್ಪನ ಮಗ ಕಿಕ್ಕೇರಿ ಬಸ್ ನಿಲ್ದಾಣದ ಹತ್ತಿರ ಹೋಟೆಲು ಇಟ್ಟುಕೊಂಡಿದ್ದ. ಅದರ ಮಗ್ಗುಲಲ್ಲೇ ಒಂದು ಮಳಿಗೆ ಖಾಲಿ ಇದೆ, ಬಾ ಎಂದ. ರೂಮು ತಮ್ಮನಿಗೆ ಬಿಟ್ಟು, ಮೆಷಿನ್ನಿನ ತಲೆ ಗೋಣಿಯಲ್ಲಿ ಸುತ್ತಿಕೊಂಡು ಬಂದೆ. ನಲವತ್ತು ದಾಟಿದ ಒಂಟಿ ಮನುಷ್ಯನಿಗೆ ಇನ್ನೇನು ಸಾಮಾನಿರುತ್ತದೆ?

ಅಲ್ಲಿ ನಮ್ಮದು ಕಾಲು ಚಾಚಿದರೆ ಗೋಡೆಗೆ ತಾಗುವ ರೂಮು. ಇಲ್ಲಿ ಪಡಸಾಲೆ, ಹಿತ್ತಿಲು, ಹಿತ್ತಿಲಿನಲ್ಲಿ ನುಗ್ಗೆಮರ. ಮೊದಮೊದಲು ಆ ಅಗಲಕ್ಕೇ ನಿದ್ದೆ ಬರುತ್ತಿರಲಿಲ್ಲ. ಅಲ್ಲಿ ಬಾಗಿಲು ಹಾಕಿದರೂ ಪಕ್ಕದ ಮನೆಯ ಒಗ್ಗರಣೆ ನಮ್ಮದೇ, ಇಲ್ಲಿ ಹಗಲೆಲ್ಲ ಬಾಗಿಲು ತೆರೆದಿಟ್ಟರೂ ಸಂಜೆಯ ಹೊತ್ತಿಗೆ ನನ್ನ ದನಿ ನನಗೇ ಮರೆತುಹೋಗಿರುತ್ತಿತ್ತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ತಿಳಿಯುವ ತನಕ ಹೋಟೆಲಿನವರಿಗೆ ನನ್ನ ದವಡೆಯೇ ಬಿಟ್ಟಿ ನಾಟಕ. ಬಂಗುಡೆಯ ಸಾರು ನೆನೆದು ಒಂದು ರಾತ್ರಿ ನಿಜಕ್ಕೂ ಕಣ್ಣೀರು ಹಾಕಿದ್ದೇನೆ. ನಗಬೇಡಿ.

ಎಲ್ಲಕ್ಕಿಂತ ಕಷ್ಟವಾದದ್ದು ಕನ್ನಡ. ಹೌದು, ಕನ್ನಡವೇ. ಮುಂಬಯಿಯ ರಾತ್ರಿಶಾಲೆಯಲ್ಲಿ ನಾವು ಕಲಿತದ್ದು ಅಚ್ಚಿನ ಕನ್ನಡ. ಹಕಾರ ತಪ್ಪಿದರೆ ಮಾಸ್ತರರು ಕಿವಿ ಹಿಂಡುತ್ತಿದ್ದರು. ಇಲ್ಲಿ ಆ ಅಕ್ಷರ ಯಾರಿಗೂ ಬೇಡ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಗಂಡಸರು ಒಬ್ಬರನ್ನೊಬ್ಬರು 'ಲಾ' ಎಂದು ಕರೆದರೆ ಅದು ಬೈಗುಳವಲ್ಲ, ಸಲಿಗೆ. ಅಂಗಡಿ ತೆರೆದ ವಾರವೇ ಒಬ್ಬರು ಬಟ್ಟೆ ಕೊಟ್ಟು, ಯಾವತ್ತು ಬರಲಿ 'ಏಳಿ ಟೈಲ್ರೇ' ಎಂದರು. ನಾನು ಎದ್ದು ನಿಂತೆ. ಅವರು ಮತ್ತೆ ಏಳಿ ಎಂದರು. ನಾನು ಮೆಷಿನ್ನು ಬಿಟ್ಟು ಈಚೆಗೇ ಬಂದೆ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇಲ್ಲಿ ಹೇಳುವುದಕ್ಕೂ ಏಳುವುದಕ್ಕೂ ಒಂದೇ ಮಾತು. ಸಂದರ್ಭ ನೋಡಿ ತಿಳಿಯಬೇಕು. ಸಂದರ್ಭ ತಿಳಿಯುವುದಕ್ಕೆ ಊರು ಗೊತ್ತಿರಬೇಕಲ್ಲ.

ಆ ಮೂವರು ಹುಡುಗರು ನನ್ನ ಅಂಗಡಿಗೆ ಬಂದದ್ದು ಅವರಲ್ಲೊಬ್ಬನ ಅಪ್ಪನ ಮದುವೆಯ ಫೋಟೋ ಹಿಡಿದುಕೊಂಡು. ಇಂಥದೇ ಪ್ಯಾಂಟು, ಇಂಥದೇ ನಾಯಿಕಿವಿ ಕಾಲರಿನ ಅಂಗಿ ಬೇಕು ಎಂದರು. ಆ ಕತ್ತರಿ ನನ್ನ ಕೈಗೆ ಮರೆತಿರಲಿಲ್ಲ. ಎಲ್ಲರೂ ಪ್ಯಾಂಟಿನ ಸೊಂಟಕ್ಕೆ ನೆರಿಗೆ ಇಡಿಸುವ ಈ ಕಾಲದಲ್ಲಿ ಇದ್ಯಾಕೆ ಎಂದು ಕೇಳಿದೆ. ಅವರು ಮಾಡುವುದು 'ಇಪ್ಪಾಪು', ಅದಕ್ಕೆ ಹಳೇ ಠೀವಿಯೇ ಚೆಂದ ಎಂದರು. ಅದು ಯಾವುದೋ ಹಣ್ಣಿನ ಹೆಸರಿರಬೇಕು ಎಂದುಕೊಂಡೆ. ಹಿಪ್ ಹಾಪ್ ಎಂದು ಹೊಳೆಯಲು ಸುಮಾರು ಹೊತ್ತು ಹಿಡಿಯಿತು.

ಮೂವರಲ್ಲಿ ಮಾತು ಕಟ್ಟುವವನು ಚಲುವರಾಜ, ಹಗ್ಗ ಹಿಡಿದಿದ್ದ ನಿಂಗಮ್ಮಜ್ಜಿಯ ಮೊಮ್ಮಗ. ಚಾವಿ ಪೆಟ್ಟಿಗೆಯ ಮೇಲೆ ಹಳೆಯ ಪ್ಲೇಟನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ ಆ ಬೆಕ್ಕಿನ ಕಿರುಚಲು ತೆಗೆಯುವವನು ಬೋರ. ಅವನಪ್ಪ ಟೂರಿಂಗ್ ಟಾಕೀಸಿನಲ್ಲಿ ಆಟಕ್ಕೆ ಮುಂಚೆ ಪ್ಲೇಟು ಹಾಕುತ್ತಿದ್ದವನು. ಟಾಕೀಸು ಎದ್ದುಹೋದ ಮೇಲೆ ಪೆಟ್ಟಿಗೆ ಮನೆಗೆ ಬಂದಿತ್ತು. ಮೂರನೆಯವನು ಶ್ರೀರಂಗಪಟ್ಟಣದ ನಯಾಜ್. ಅವನಣ್ಣ ಕೋಟೆ ನೋಡಲು ಬರುವವರನ್ನು ಜಟಕಾದಲ್ಲಿ ಸುತ್ತಿಸುತ್ತಾನೆ. ಯಾರೋ ಹೊರದೇಶದವನು ಗಾಡಿಯಲ್ಲಿ ಬಿಟ್ಟುಹೋದ ಕ್ಯಾಸೆಟ್ಟೊಂದರಿಂದ ಇದೆಲ್ಲ ಶುರುವಾದದ್ದು. ನಯಾಜ್ ಬಾಯಲ್ಲೇ ಡೋಲು, ತಮಟೆ ಎಲ್ಲವನ್ನೂ ನುಡಿಸುತ್ತಿದ್ದ. ಪ್ರತಿ ಶನಿವಾರ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ.

ಅವರು ಇಳಿಯುತ್ತಿದ್ದದ್ದು ಹಗೇವಿಗೆ. ನಮ್ಮವರಿಗೆ ಇದು ಗೊತ್ತಿರಲಿಕ್ಕಿಲ್ಲ. ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ ಅದು, ಹೂಜಿಯೊಂದನ್ನು ಹೂತಿಟ್ಟ ಹಾಗೆ. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು. ತುಂಬಿದ ಮೇಲೆ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಒಳಗೆ ಗಾಳಿ ಕೆಡುತ್ತದೆ. ತೆರೆದ ಕೂಡಲೇ ಇಳಿದವರು ಕೂಗಿಕೊಳ್ಳುವುದಕ್ಕೂ ಆಗದೆ ಸತ್ತದ್ದುಂಟು. ಅದಕ್ಕೇ ಮೊದಲು ಲಾಟೀನು ಇಳಿಸುವುದು. ಅದು ಆರಿದರೆ ಯಾರೂ ಇಳಿಯಬಾರದು. ಉರಿದರೂ ಒಬ್ಬರು ಮೇಲೆ ಕೂತಿರಲೇಬೇಕು. ಖಾಲಿ ಬಿದ್ದ ಹಗೇವಿನಲ್ಲಿ ದನಿ ಗುಂಯ್ಯೆನ್ನುತ್ತದೆಂದು ಹುಡುಗರು ಅದನ್ನು ಹಿಡಿದಿದ್ದರು. ಊರಿನವರ ಕಿವಿಗೆ ಬೀಳದಿರಲಿ ಎಂಬ ಕಾರಣವೂ ಇತ್ತು.

ತಂಡದ ಹೆಸರೂ ಅದೇ. ಮೂರು ಅಂಗಿಯ ಬೆನ್ನಿಗೆ ಒಂದೊಂದು ಅಕ್ಷರ ಕೆಂಪು ಬಟ್ಟೆಯಲ್ಲಿ ಕತ್ತರಿಸಿ ಹೊಲಿಯಬೇಕು, ಮೂವರೂ ಸಾಲಾಗಿ ಬೆನ್ನು ತಿರುಗಿಸಿದರೆ 'ಅಗೇವು' ಎಂದು ಓದಬೇಕು ಎಂದರು. ನಾನು ಒಪ್ಪಲಿಲ್ಲ. ಕಿವಿ ಹಿಂಡಿಸಿಕೊಂಡು ಕಲಿತದ್ದು ಎಲ್ಲಿಗೆ ಹೋಗುತ್ತದೆ? 'ಹ' ಎಂದೇ ಹೊಲಿದೆ. ನಮ್ಮಮ್ಮನ ಕುಂದಾಪುರದ ಮಾತಿನಲ್ಲಿ ಅಗೆ ಅಂದರೆ ನಾಟಿಗೆ ಕಿತ್ತಿಟ್ಟ ಭತ್ತದ ಸಸಿ, ಗುಂಡಿಗೆ ಆ ಹೆಸರು ಹೇಗಾದೀತು ಎಂದೂ ವಾದಿಸಿದೆ. ಹುಡುಗರು ಮುಖ ಸಣ್ಣ ಮಾಡಿದರು. ನಿಂಗಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇರ್ಲಿ ಬುಡ್ಲಾ ಚಲುವಾ. ನಮ್ ಮಾತಲ್ಲಿ ಇಲ್ದಿರೋ ಉಸ್ರು ಆ ಅಕ್ಸರ್ದಲ್ಲೈತೆ. ಆ ಗುಂಡಿಗೆ ಬೇಕಾಗಿರೋದು ಅದೇಯ."

ಅವಳು ಹಾಗೆನ್ನಲು ಕಾರಣವಿತ್ತು. ಅವಳ ಕಿರಿಯ ಮಗ, ಚಲುವನ ಚಿಕ್ಕಪ್ಪ, ಸರಾಯಿ ಅಂಗಡಿಯನ್ನು ಊರ ಶಾಲೆಯ ಪಕ್ಕದಿಂದ ಎಬ್ಬಿಸಬೇಕೆಂದು ಓಡಾಡಿದವನು. ಒಂದು ಬೆಳಿಗ್ಗೆ ನಾಲೆಯಲ್ಲಿ ಹೆಣವಾಗಿ ಸಿಕ್ಕ. ಕುಡಿದು ಕಾಲು ಜಾರಿದ ಎಂದು ಬರೆದುಕೊಂಡರು. ಅವನು ಹನಿ ಮುಟ್ಟಿದವನಲ್ಲ. ಸರಾಯಿ ಕಂಟ್ರಾಕ್ಟರು ಹೆಣಕ್ಕೆ ಹಾರ ತಂದು ಹಾಕಿ ಹೋದರಂತೆ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಊರು ನುಂಗಿಕೊಂಡ ಆ ಸಾವಿನ ಮೇಲೆಯೇ ಚಲುವ ಗುಂಡಿಯೊಳಗೆ ಹಾಡು ಕಟ್ಟಿದ್ದ.

ನಾಲೆ ನೀರ್ಗೆ ನಾಲ್ಗೆ ಇಲ್ಲ,
ಏರಿ ಮ್ಯಾಲೆ ಎಜ್ಜೆ ಇಲ್ಲ,
ಕುಡೀದೋನು ಕಾಲ್ ಜಾರ್ದ ಅಂದ್ರೆ
ಕುಡ್ಸಿದ್ ಯಾರು? ಏಳ್ರಪ್ಪಾ, ಏಳಿ!

ಕೆ.ಆರ್. ಪೇಟೆಯಲ್ಲಿ ಗಣಪತಿ ಕೂರಿಸಿದ್ದಾಗ ಆರ್ಕೆಸ್ಟ್ರಾದ ನಡುವೆ ಅವರಿಗೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟರು. ಅವತ್ತು ಪಾಂಡವಪುರದ ಹತ್ತಿರ ಬಸ್ಸು ಕೆಟ್ಟು ನಯಾಜ್ ಬರಲಾಗಲಿಲ್ಲ. ಇಬ್ಬರೇ ವೇದಿಕೆ ಹತ್ತಿದರು. ರೂಢಿಯ ಹಾಗೆ ಮೊದಲು ಬೆನ್ನು ತಿರುಗಿಸಿ ನಿಂತರು. ಬೆಳಕು ಬಿತ್ತು. ಮೂರನೆಯ ಅಕ್ಷರವಿಲ್ಲದೆ ಅಲ್ಲಿ ಕಂಡದ್ದು 'ಹಗೇ'. ಕಂಟ್ರಾಕ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರು. ಚಲುವ ತಿರುಗಿ, ಅವರ ಮುಖಕ್ಕೇ ಹೇಳುವವನ ಹಾಗೆ ಆ ಹಾಡು ಹೇಳಿದ. ಏಳಿ ಏಳಿ ಎಂದು ಕೂಗಿದ. ಹೇಳಿದವರಿಲ್ಲ, ಎದ್ದವರೂ ಇಲ್ಲ. ಅಷ್ಟು ಜನರ ನಡುವೆ ಚಪ್ಪಾಳೆ ತಟ್ಟಿದ್ದು ಕಂಟ್ರಾಕ್ಟರು ಒಬ್ಬರೇ.

ಮಾರನೆಯ ದಿನ ಅವರ ಜೀಪು ನನ್ನ ಅಂಗಡಿಯ ಮುಂದೆ ನಿಂತಿತು. ಅಂಗಿಗೆ ಅಳತೆ ಕೊಡಬೇಕಂತೆ, ಆ ಹುಡುಗರದರ ಹಾಗೇ ದೊಡ್ಡ ಕಾಲರು ಇರಬೇಕಂತೆ. ಅವರು ಎರಡೂ ಕೈ ಅಗಲಿಸಿ ನಿಂತರು. ನಾನು ಎದೆ ಸುತ್ತ ಟೇಪು ತಂದೆ. ದಪ್ಪ ಎದೆ, ಒಂದಿಷ್ಟೂ ಏರುಪೇರಿಲ್ಲದ ಉಸಿರು. ಯಾರ ಮೇಲೆ ಹಗೆ ಟೈಲ್ರೇ ಎಂದು ಮೆಲ್ಲಗೆ ಕೇಳಿದರು. ಅದು ಹಗೆಯಲ್ಲ, ಹಗೇವು, ಒಂದು ಅಕ್ಷರ ಬಂದಿರಲಿಲ್ಲ ಎಂದು ನಾನು ತೊದಲಿದೆ. ಕೊರಳಿನ ಅಳತೆಗೆ ಟೇಪು ಸುತ್ತಿದಾಗ ಅವರು ನಕ್ಕದ್ದು ನನ್ನ ಬೆರಳಿಗೆ ತಿಳಿಯಿತು.

"ಓ, ಅಗೇವಾ? ನಿಂಗಮ್ಮಂದು. ನಂಗೊತ್ತು ಬುಡಿ," ಎಂದರು. "ಬಾಯಿ ಕಿರ್ದು ಟೈಲ್ರೇ ಅದ್ಕೆ. ಒಂದ್ ಚಪ್ಪಡಿ ಸಾಕು."

ಅವರು ಹೋದ ಮೇಲೆ ಕತ್ತರಿ ಹಿಡಿಯಲಾಗಲಿಲ್ಲ. ಸಂಜೆ ಚಲುವನನ್ನು ಕರೆದು ಎಲ್ಲ ಹೇಳಿದೆ. ಶನಿವಾರ ನಯಾಜ್ ಟೇಪ್ ರೆಕಾರ್ಡರು ತರುತ್ತಾನೆ, ಹಗೇವಿನೊಳಗೆ ಹಾಡನ್ನು ತುಂಬಿಕೊಂಡು ಕ್ಯಾಸೆಟ್ಟು ಮಾಡಿ ಬಸ್ಸಿನ ಡ್ರೈವರುಗಳಿಗೆ ಹಂಚುತ್ತೇವೆ, ಆಮೇಲೆ ಮುಚ್ಚಿದರೆ ಮುಚ್ಚಲಿ ಎಂದ. ಹೆದರಿಕೆ ಇಲ್ಲವೇನೋ ಎಂದು ಬೈದೆ. ಇದೆ ಎಂದ.

ಶನಿವಾರ ಬೆಳಿಗ್ಗೆ ಯಾರೋ ಬಂದು, ತಾಲ್ಲೂಕು ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಬೇಕಂತೆ ಎಂದು ನಿಂಗಮ್ಮನನ್ನು ಪೇಟೆಗೆ ಕರೆದುಕೊಂಡು ಹೋದರು. ಈ ಸುದ್ದಿ ನನಗೆ ಹೋಟೆಲಿನಲ್ಲಿ ಸಿಕ್ಕಿತು. ಹಗ್ಗ ಹಿಡಿಯುವವರು ಯಾರೂ ಇಲ್ಲ. ಮೆಷಿನ್ನಿನಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಓಡಿದೆ. ಹುಡುಗರು ಲಾಟೀನು ಇಳಿಸಿ ಆಗಿತ್ತು, ಅದು ಉರಿಯುತ್ತಿತ್ತು. ಮೂವರೂ ಇಳಿಯಲೇಬೇಕು, ಮೂರು ದನಿಯೂ ಬೇಕು ಎಂದರು. ನಾನು ಕೂರುತ್ತೇನೆ ಎಂದೆ. ಪಕ್ಕದಲ್ಲಿ ಕೂತರೆ ಸಾಲದು ಎನಿಸಿ ಹಗೇವಿನ ಬಾಯಲ್ಲೇ ಕಾಲು ಇಳಿಬಿಟ್ಟು ಕೂತೆ.

ಕೆಳಗೆ ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಜೀಪು ಬಂತು. ಕಂಟ್ರಾಕ್ಟರು ಬಂದಿರಲಿಲ್ಲ. ಅವರ ಕಡೆಯ ಮೂರು ಜನ. ಹಿಂದೆ ಚಪ್ಪಡಿ ಹೇರಿದ ಎತ್ತಿನ ಗಾಡಿ. ಗಾಡಿ ಹೊಡೆಯುವವನು ನನ್ನ ಗಿರಾಕಿಯೇ, ಮುಖ ಆಚೆ ತಿರುಗಿಸಿಕೊಂಡ. ಒಬ್ಬ ಹತ್ತಿರ ಬಂದು ಬೀಡಿ ಹಚ್ಚಿದ.

"ಒಳ್ಗೆ ಎಷ್ಟ್ ಜನ ಅವ್ರೆ? ಏಳಯ್ಯಾ."

ನನಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಏಳು, ಎದ್ದು ನಿಲ್ಲು. ಎದ್ದರೆ ಬಾಯಿ ತೆರವಾಗುತ್ತದೆ. ಪರೇಲಿನಲ್ಲಿ ಬಾಗಿಲ ಹಿಂದೆ ಕೂತಿದ್ದ ನನಗೆ, ಇಲ್ಲಿ ನಾನೇ ಬಾಗಿಲು ಎನ್ನುವುದು ಆಗ ತಲೆಗೆ ಹೋಯಿತು. ಎಲ್ಲಿಂದಲೋ ಮಾತು ಬಂತು, ರಾತ್ರಿಶಾಲೆಯದಲ್ಲ, ಇಲ್ಲಿಯದೇ.

"ಏಳಕಿಲ್ಲ ಕಣ್ಲಾ."

ಅವನು ಕೇಳಿದ್ದು ಒಳಗಿನವರ ಲೆಕ್ಕ. ನಾನು ಹೇಳುವುದಿಲ್ಲ ಎಂದೆನೆಂದು ತಿಳಿದ. ನನ್ನ ಮುಖವನ್ನೇ ನೋಡುತ್ತ ಬೀಡಿ ಪೂರ್ತಿ ಎಳೆದ. ಆಮೇಲೆ ಬಾಗಿ ನನ್ನ ಕೊರಳಿನಲ್ಲಿದ್ದ ಟೇಪು ತೆಗೆದ. ನನ್ನ ಸೊಂಟದ ಈ ಪಕ್ಕದಿಂದ ಆ ಪಕ್ಕಕ್ಕೆ ಹಗೇವಿನ ಬಾಯನ್ನು ಅಳೆದ. ಉದ್ದ ಅಳೆದ, ಅಡ್ಡ ಅಳೆದ. ಗಾಡಿಯವನ ಕಡೆ ತಿರುಗಿ, ಈ ಕಲ್ಲು ಚಿಕ್ಕದಾಯಿತು, ನಾಗಮಂಗಲದ ಕಡೆಯಿಂದ ಬೇರೆ ತರಿಸಬೇಕು ಎಂದ. ಟೇಪನ್ನು ನೀಟಾಗಿ ಮತ್ತೆ ನನ್ನ ಕೊರಳಿಗೇ ಹಾಕಿದ. ಹೋದರು.

ಹಗೇವು ಮೇಲಿನ ಮಾತನ್ನೂ ನುಂಗುತ್ತದೆಂದು ನಮಗೆ ಹೊಳೆದದ್ದು ಕ್ಯಾಸೆಟ್ಟು ಹಾಕಿ ಕೇಳಿದಾಗ. ಹಾಡಿನ ನಡುವೆ ಜೀಪಿನ ಸದ್ದು, ಅವನ ಪ್ರಶ್ನೆ, ನನ್ನ ಉತ್ತರ ಎಲ್ಲ ಸ್ಪಷ್ಟವಾಗಿದ್ದವು. ಹುಡುಗರು ಅದನ್ನು ಅಳಿಸಲಿಲ್ಲ. ಪಾಂಡವಪುರದ ಬಸ್ಸಿನಲ್ಲಿ, ನಾಗಮಂಗಲದ ಬಸ್ಸಿನಲ್ಲಿ, ಅರಕೆರೆಗೆ ಹೋಗುವ ಟೆಂಪೋದಲ್ಲಿ ಕ್ಯಾಸೆಟ್ಟು ಓಡಿತು. ಟೈಲರು ಏಳುವುದಿಲ್ಲ ಎಂದನೋ ಹೇಳುವುದಿಲ್ಲ ಎಂದನೋ ಎಂದು ಜನ ಪಂದ್ಯ ಕಟ್ಟಿದರು. ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ತೋರಿಸಿ, ಇವ್ರೇ ನಮ್ ಟೈಲ್ರು ಎಂದಳು. ನಮ್ಮ ಎಂಬ ಆ ಮಾತನ್ನು ಮನೆಯ ತನಕ ಬಾಯಲ್ಲೇ ಹೇಳಿಕೊಂಡು ಬಂದೆ.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಹಗೇವಿನ ಬಾಯಿಗೆ ಹೊಸ ಚಪ್ಪಡಿ ಕೂತಿತ್ತು, ಸುತ್ತ ಹಸಿ ಮಣ್ಣು ಮೆತ್ತಿತ್ತು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಿಂದಿನ ಸಂಜೆ ಹೊರಟ ಚಲುವ ಮನೆಗೆ ಬಂದಿರಲಿಲ್ಲ. ಊರೆಲ್ಲ ಸೇರಿತು. ಹಾರೆ ಹಾಕಿ ಕಲ್ಲು ಸರಿಸಿದೆವು. ನಿಂಗಮ್ಮ ಲಾಟೀನು ಇಳಿಸಿದಳು. ಅದು ಒಂದಿಷ್ಟು ಇಳಿದು, ಸಣ್ಣಗಾಗಿ, ಆರಿಹೋಯಿತು. ಬೋರ ಹಾರಲು ಹೋದ, ಇಬ್ಬರು ಅವನನ್ನು ಕೆಡವಿ ಹಿಡಿದರು. ನಿಂಗಮ್ಮ ಆ ಕತ್ತಲೆಗೆ ಮುಖವಿಟ್ಟು ಮೊಮ್ಮಗನ ಹೆಸರು ಕೂಗಿದಳು. ಒಳಗಿನಿಂದ ಅವಳ ದನಿಯೇ ವಾಪಸು ಬಂತು. ಗಾಳಿ ತಿಳಿಯಾಗುವವರೆಗೆ ಕಾಯುವುದೊಂದೇ ದಾರಿ. ಆ ಹೊತ್ತನ್ನು ಬರೆಯಲು ನನಗೆ ಬರುವುದಿಲ್ಲ.

ಚಲುವ ಬಂದದ್ದು ಬಸ್ಸಿನಲ್ಲಿ. ನಯಾಜ್‌ನ ಮನೆಯಲ್ಲಿ ಮಲಗಿದ್ದನಂತೆ. ಜನ ಸೇರಿದ್ದನ್ನು ನೋಡಿ ಏನಾಯಿತೆಂದು ಅವನೇ ಕೇಳಿದ. ನಿಂಗಮ್ಮ ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದಳು, ಆಮೇಲೆ ಅದೇ ಕೆನ್ನೆ ಸವರಿದಳು. ಹಗೇವಿನೊಳಗೆ ಬೋರ ಬಿಟ್ಟುಬಂದಿದ್ದ ಚಾವಿ ಪೆಟ್ಟಿಗೆಯೊಂದೇ ಇತ್ತು. ಅವತ್ತು ಸಂಜೆ ಅವಳು ನನ್ನ ಅಂಗಡಿಗೆ ಬಂದಳು.

"ಈ ಸಲ ಬರೀ ಕಲ್ಲು ಮಡಗವ್ರೆ. ಇನ್ನೊಂದ್ ಸಲ ನೋಡ್ಕಂಡ್ ಮಡಗ್ತಾರೆ," ಎಂದಳು. "ಇವುನ್ನ ನಿಮ್ ಬೊಂಬಾಯ್ಗೆ ಕಳಿಸ್ಬುಡಪ್ಪ. ನಂಗೆ ಇದೊಂದಾದ್ರೂ ಉಳೀಲಿ."

ನಾನು ಬಿಟ್ಟುಬಂದ ಊರಿಗೆ ಪ್ರಾಣ ಉಳಿಸಿಕೊಳ್ಳಲು ಇನ್ನೊಬ್ಬ ಹೊರಟ. ಈಗ ಅವನು ಪರೇಲಿನಲ್ಲಿ, ತಮ್ಮನ ಜೊತೆ ನನ್ನ ರೂಮಿನಲ್ಲಿ, ನನ್ನ ಚಾಪೆಯ ಮೇಲೆ ಮಲಗುತ್ತಾನೆ. ಬೆನ್ನಿನ ಮೇಲೆ ಕೆಂಪು 'ಹ' ಇರುವ ಹುಡುಗ ನಿಮ್ಮ ಮೆಟ್ಟಿಲಲ್ಲಿ ಸಿಕ್ಕರೆ, ಆ ಅಕ್ಷರ ಅವನ ಬಾಯಲ್ಲಿ ಇಲ್ಲವೆಂದು ನಗಬೇಡಿ, ತಿದ್ದಲೂ ಹೋಗಬೇಡಿ. ಅವನಿಗೆ ಮುದ್ದೆ ಸಿಗುವುದಿಲ್ಲ. ಬಂಗುಡೆಯ ಸಾರು ಹಾಕಿ, ಮೊದಲು ಮುಖ ಕಿವುಚಿದರೂ ಆಮೇಲೆ ತಿಂದಾನು.

ಇಲ್ಲಿ ಉಳಿದದ್ದು 'ಗೇವು'. ಬೋರನೂ ನಯಾಜನೂ ಹೋದ ಶನಿವಾರ ಬಂದು ಹಗೇವಿಗೆ ಇಳಿಯದೆ ಕೂತಿದ್ದರು. ಕೆಂಪು ಬಟ್ಟೆಯ ಚೂರು ಇನ್ನೂ ಇತ್ತು. ಅದರಲ್ಲಿ ಒಂದು 'ಅ' ಕತ್ತರಿಸಿ ನನ್ನ ಅಂಗಿಯ ಬೆನ್ನಿಗೇ ಹೊಲಿದುಕೊಂಡೆ. ಅಮ್ಮನ ಮಾತಿನಲ್ಲಿ ಓದಿದರೆ ಅದು ಅಗೆ ಎಂಬ ಸಸಿಯ ಮೊದಲಕ್ಷರ, ಇಲ್ಲಿಯವರ ಮಾತಿನಲ್ಲಿ ಅಗೇವು ಎಂಬ ಗುಂಡಿಯದು. ತಮ್ಮ ವಾಪಸು ಬಾ ಎನ್ನುತ್ತಾನೆ. ಕಂಟ್ರಾಕ್ಟರ ಅಂಗಿ ಹೊಲಿದು ತೂಗುಹಾಕಿ ಬಹಳ ದಿನವಾಯಿತು, ತಾವೇ ಬಂದು ತೊಟ್ಟು ನೋಡುತ್ತೇನೆಂದು ಹೇಳಿ ಕಳಿಸಿದ್ದಾರೆ. ಅಷ್ಟರೊಳಗೆ ಊರು ಬಿಡು ಎಂದು ಹೋಟೆಲಿನ ಅಣ್ಣ ದಿನವೂ ಗೋಗರೆಯುತ್ತಾನೆ. ಬರುವ ಶನಿವಾರ ನಿಂಗಮ್ಮ ಲಾಟೀನು ಒರೆಸಿಟ್ಟು ದಾರಿ ನೋಡುತ್ತಾಳೆ. ಹುಡುಗರು ಇಳಿಯುತ್ತಾರೆ. ನಾನು ಕೂತಿರುತ್ತೇನೆ, ಏಳುವುದಿಲ್ಲ.